ರುಖ್ಸಾ ಎಂಬ ಮಾತು

ಎಲ್ಲರೂ ಉಸ್ತಾದ್ ಎಂದು ಕರೆಯುವ ಆ ಮುದುಕರ ಬೆರಳಿನಿಂದ ತೆಗೆದ ರಕ್ತದ ಹನಿಗೆ ನರ್ಸಮ್ಮನ ಮೀಟರು ನಲವತ್ತೊಂಬತ್ತು ತೋರಿಸಿತು. ಸಕ್ಕರೆ ಪಾತಾಳಕ್ಕಿಳಿದಿತ್ತು. ಮೈಯೆಲ್ಲ ಬೆವರಿನಲ್ಲಿ ತೊಯ್ದಿದ್ದರೂ ಅವರು ಎದುರಿಗಿದ್ದ ಹಣ್ಣಿನ ರಸದ ಲೋಟವನ್ನು ಕಣ್ಣೆತ್ತಿಯೂ ನೋಡಲೊಲ್ಲರು. ಗ್ಲೂಕೋಸಿನ ಸೂಜಿ ಚುಚ್ಚಲು ಹೋದರೆ ತೋಳು ಕಿತ್ತುಕೊಳ್ಳುತ್ತಾರೆ. ರಂಜಾನಿನ ಉಪವಾಸ, ಸೂರ್ಯ ಮುಳುಗಲು ಇನ್ನೂ ಎರಡು ಗಂಟೆ. ಡಾಕ್ಟರು ಆಪರೇಷನ್ ಥಿಯೇಟರಿನೊಳಗೆ.

"ಅಬ್ಬಾ, ಒಂದೇ ಒಂದು ಗುಟುಕು," ಮಗಳು ಗೋಗರೆದಳು.

"ನಲವತ್ತು ವರ್ಷ ಮದರಸಾದಲ್ಲಿ ಪಾಠ ಹೇಳಿದೋನು ನಾನು. ಇಷ್ಟಕ್ಕೆಲ್ಲ ರೋಜಾ ಮುರೀತೀನಾ?"

ಹೋದ ವಾರ ಆಸ್ಪತ್ರೆಯ ಸಿಬ್ಬಂದಿಗೆ ರೋಗಿಗಳ ಧರ್ಮದ ಬಗ್ಗೆ ಒಂದು ತರಗತಿ ನಡೆದಿತ್ತು. ಇಸ್ಲಾಮಿನ ಇಪ್ಪತ್ತು ಪದಗಳ ಪಟ್ಟಿಯನ್ನು ನರ್ಸಮ್ಮ ಆಕಳಿಸುತ್ತಲೇ ಕೇಳಿಸಿಕೊಂಡಿದ್ದಳು. ಈಗ ಗಾಬರಿಯಲ್ಲಿ ನೆನಪಾದದ್ದನ್ನು ಒದರಿಯೇಬಿಟ್ಟಳು: "ಉಸ್ತಾದರೇ, ಕುಡಿಯೋದು ಹರಾಮ್ ಅಲ್ಲ. ಕುಡೀದೇ ಇರೋದೇ ಹರಾಮ್!"

ಮುದುಕರ ಕಣ್ಣು ಕೆಂಡವಾಯಿತು. "ಹರಾಮ್ ಅಂದ್ರೆ ಧರ್ಮ ನಿಷೇಧಿಸಿದ್ದು, ಬಾಯಿಗೆ ಬಂದ ಹಾಗೆ ಎಸೆಯೋ ಮಾತಲ್ಲ ತಾಯಿ! ಅಳೆದು ತೂಗಿ ಆಡೋ ಮಾತು." ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಅರೆಬರೆ ಕಲಿತದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗಿತ್ತು. ನರ್ಸಮ್ಮ ಮಂಚದ ಪಕ್ಕ ಮಂಡಿಯೂರಿದಳು.

"ತಪ್ಪಾಯ್ತು. ರುಕ್ಸ ಅಂತ ಇನ್ನೊಂದು ಪದ ಹೇಳಿದ್ರು. ಅದು ನನ್ನ ತಲೆಗೆ ಹತ್ತಲೇ ಇಲ್ಲ. ಹೇಳಿಕೊಡ್ತೀರಾ?"

ಮುಖ ನಿಧಾನವಾಗಿ ಇತ್ತ ತಿರುಗಿತು. "ರುಕ್ಸ ಅಲ್ಲ, ರುಖ್ಸಾ. ಗಂಟಲಿಂದ ಬರಬೇಕು."

"ರುಖ್ಸಾ."

"ಹಾಂ. ವಿನಾಯಿತಿ ಅಂತ. ನಿಯಮದ ಭಾರ ಹೊರೋಕಾಗದೋರಿಗೆ ಅಲ್ಲಾಹನೇ ಕೊಟ್ಟ ಸಡಿಲ. ಪ್ರಯಾಣದಲ್ಲಿರೋರಿಗೆ, ಕಾಯಿಲೆ..." ನಾಲಿಗೆ ತೊದಲಿತು.

"ಕಾಯಿಲೆಯೋರು ಅದನ್ನ ಬೇಡ ಅಂದ್ರೆ?"

ಉಸ್ತಾದರ ರೆಪ್ಪೆಗಳು ಮುಚ್ಚಿಕೊಂಡವು. ಇನ್ನು ಕೈಮೀರಿತು ಎಂದು ನರ್ಸಮ್ಮ ಸಿರಿಂಜಿಗೆ ಕೈ ಹಾಕಿದಳು.

"ಕೊಟ್ಟೋನ ಕೈಯನ್ನೇ ತಳ್ಳಿದ ಹಾಗೆ," ಎಂದರು ಉಸ್ತಾದರು, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ. "ಮದರಸಾ ಮಕ್ಕಳಿಗೆ ಹೀಗೇ ಹೇಳ್ತಿದ್ದೆ."

ಲೋಟದತ್ತ ಚಾಚಿದ ಕೈಗೆ ಹಿಡಿತ ಸಿಗಲಿಲ್ಲ. ನರ್ಸಮ್ಮ ತಲೆಯೆತ್ತಿ ಹಿಡಿದು ಕುಡಿಸಿದಳು. "ಬಿಸ್ಮಿಲ್ಲಾ" ಎಂದ ತುಟಿಯಿಂದ ಮೊದಲ ಗುಟುಕು ಗಡ್ಡಕ್ಕೆ ಇಳಿಯಿತು, ಎರಡನೆಯದು ಗಂಟಲಿಗೆ.

ಕಾಲು ಗಂಟೆಯ ನಂತರ ಎಪ್ಪತ್ತೆಂಟು.

"ಆ ಪಾಠ ಬೇರೆಯೋರಿಗೆ ಅಂದ್ಕೊಂಡಿದ್ದೆ ಕಣಮ್ಮಾ," ಎಂದು ಮಗಳತ್ತ ನೋಡಿದರು.

"ಸರಿ, ಇನ್ನೊಂದು ಲೋಟ ಕುಡೀರಿ. ಆಮೇಲೆ ಮಾತು," ಎಂದಳು ಅವಳು, ಅಳುತ್ತಲೇ ಗದರಿಸುತ್ತ.