ಬುಡು ಅಂದರೆ ಯಾವ ಬುಡು

ನಾನು ಮಾಡಿದ ತಪ್ಪೇನು ಎಂದು ಕೇಳಿದರೆ ಹೆಂಡತಿ ಗಿರಿಜಾಂಬಿಕಾ ನಗುತ್ತಾಳೆ. ಮಗಳನ್ನು ಕೇಳುವ ಧೈರ್ಯ ನನಗಿಲ್ಲ. ತಿಪಟೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೊಬ್ಬರಿ ವ್ಯಾಪಾರ ಮಾಡುತ್ತಿರುವ ಮಲ್ಲೇಶ್ ನಾನು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಬಲ್ಲೆ. ಅಂಥವನಿಗೆ ಹೈಸ್ಕೂಲು ಹುಡುಗಿಯರ ಆಟವೊಂದು ಅರ್ಥವಾಗುವುದಿಲ್ಲ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಆಟದ ಹೆಸರು ಸಾಫ್ಟ್‌ಬಾಲ್. ಹೆಸರಿಗಷ್ಟೇ ಸಾಫ್ಟು. ಸಣ್ಣ ಉಂಡೆ ಕೊಬ್ಬರಿಯಷ್ಟು ದಪ್ಪದ ಆ ಚೆಂಡು ಒಮ್ಮೆ ನನ್ನ ಮೊಣಕಾಲಿಗೆ ಬಿದ್ದು ಮೂರು ದಿನ ಕುಂಟಿದ್ದೇನೆ. ನಮ್ಮ ಗಾನವಿ ಒಂಬತ್ತನೇ ಕ್ಲಾಸು. ಅವಳ ಸ್ಕೂಲಿಗೆ ಹೊಸದಾಗಿ ಬಂದ ಪಿಟಿ ಮೇಡಂ ಸೌಮ್ಯ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿ, ಈ ಆಟ ಶುರು ಮಾಡಿದರು. ಜಿಲ್ಲಾ ತಂಡಕ್ಕೆ ಆಯ್ಕೆಯಾಗಬೇಕು ಎನ್ನುವುದೊಂದೇ ಗಾನವಿಯ ಆಸೆ. ಬ್ಯಾಟನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದಳು.

ಮಗಳಿಗೆ ಅಷ್ಟು ಆಸೆಯಿದ್ದರೆ ಅಪ್ಪನಾದವನಿಗೆ ಕೈಕಟ್ಟಿ ಕೂರಲಾಗುತ್ತದೆಯೇ? ದಿನಾ ನಾಲ್ಕೂವರೆಗೆ ಕೊಬ್ಬರಿ ಮಂಡಿಯನ್ನು ಗುಮಾಸ್ತರಿಗೆ ಒಪ್ಪಿಸಿ ಮೈದಾನಕ್ಕೆ ಹೋಗುತ್ತಿದ್ದೆ. ಹುಡುಗಿಯರಿಗೆಲ್ಲ ಎಳನೀರು ಕೊಡಿಸಿದೆ. ಗಾನವಿಯನ್ನು ಮೈದಾನದ ಮೂಲೆಯಲ್ಲಿ ನಿಲ್ಲಿಸುತ್ತಾರೆಂದು ಹೆಡ್‌ಮಾಸ್ಟರಿಗೆ ಫೋನು ಮಾಡಿದೆ. ಬ್ಯಾಟಿಂಗಿಗೆ ಅವಳನ್ನು ಮೊದಲು ಕಳಿಸಿ ಎಂದು ಸೌಮ್ಯ ಮೇಡಂಗೆ ಬೆಳಿಗ್ಗೆ ಆರಕ್ಕೆ ಮೆಸೇಜು ಹಾಕುತ್ತಿದ್ದೆ, ಜೊತೆಗೆ ಅವಳು ಬ್ಯಾಟು ಬೀಸುವ ಒಂದೆರಡು ವೀಡಿಯೋ. ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ನೋಡಿಲ್ಲವೇನೋ ಎಂದುಕೊಂಡು ಮತ್ತೆ ಕಳಿಸುತ್ತಿದ್ದೆ.

ಗೋಜಲಾಗಿದ್ದು ‘ಬುಡು’ ಎಂಬ ಮಾತಿನಿಂದ. ನಮ್ಮ ಕಡೆ ಬಿಡು ಎನ್ನುವುದನ್ನು ಬುಡು ಎನ್ನುತ್ತೇವೆ. ಮುಟ್ಟಬೇಡ, ಸುಮ್ಮನಿರು ಎನ್ನುವುದಕ್ಕೂ ಬುಡು. ಎತ್ತಿ ಒಂದೇಟು ಬಾರಿಸು ಎನ್ನುವುದಕ್ಕೂ ಬುಡು. ಈ ಆಟದಲ್ಲಿ ಬ್ಯಾಟಿಗೆ ಸಿಗದಂತೆ ಹೊರಗೆ ಹೋಗುವ ಎಸೆತವನ್ನು ಮುಟ್ಟಬಾರದಂತೆ. ಅಂಥ ನಾಲ್ಕು ಬಿಟ್ಟರೆ ಹೊಡೆಯದೆಯೇ ಮೊದಲ ಬೇಸಿಗೆ ಹೋಗಬಹುದು. ಬೇಸೆಂದರೆ ಓಡಿ ಹೋಗಿ ನಿಲ್ಲುವ ಜಾಗ, ಅಂಥ ಮೂರನ್ನು ದಾಟಿ ಬ್ಯಾಟು ಹಿಡಿದ ಜಾಗಕ್ಕೆ ವಾಪಸು ಬಂದರೆ ಒಂದು ರನ್ನು. ಮೂರು ಸಲ ಬೀಸಿ ತಪ್ಪಿದರೆ ಔಟು. ಅದಕ್ಕೆ ಸೌಮ್ಯ ಮೇಡಂ, “ಬುಡು ಗಾನವಿ” ಎನ್ನುತ್ತಿದ್ದರು. ಬ್ಯಾಟು ಕೈಲಿರುವುದೇ ಬೀಸುವುದಕ್ಕೆ ಎಂದು ತಿಳಿದಿದ್ದ ನಾನು ಬೇಲಿಯಾಚೆಯಿಂದ, “ಬುಡವ್ವ ಒಂದು” ಎನ್ನುತ್ತಿದ್ದೆ. ಗಾನವಿ ನನ್ನ ಕಡೆ ಒಮ್ಮೆ, ಮೇಡಂ ಕಡೆ ಒಮ್ಮೆ ನೋಡಿ, ಕೊನೆಗೆ ಬೀಸುತ್ತಿದ್ದಳು. ಮನೆಯಲ್ಲಿ ಅನ್ನ ಹಾಕುವವನು ನಾನಲ್ಲವೇ, ನನ್ನ ಮಾತು ಮೀರುತ್ತಿರಲಿಲ್ಲ. ಆಗ ಅದನ್ನು ಕಂಡು ನನಗೆ ಹೆಮ್ಮೆಯಾಗುತ್ತಿತ್ತು, ಈಗ ಹೇಳಿಕೊಳ್ಳಲು ನಾಚಿಕೆ.

ಒಂದು ಸಂಜೆ ಮೇಡಂ ಬೇಲಿಯ ಹತ್ತಿರ ಬಂದರು. ಕೂಗುವುದಾದರೆ ಮೈದಾನಕ್ಕೆ ಬರಬೇಡಿ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಅಷ್ಟೇ. ಮೈಯೆಲ್ಲ ಉರಿದುಹೋಯಿತು. ಆದರೆ ಗಾನವಿ ಅಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಆಯಿತು, ಇನ್ನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಮಾತಿನಂತೆ ನಡೆದುಕೊಂಡೆ ಕೂಡ. ಹದಿನೈದು ದಿನ ತುಟಿ ಬಿಚ್ಚಲಿಲ್ಲ. ಮಂಡಿಯಲ್ಲಿ ಕೂತು ಆ ಆಟದ ವೀಡಿಯೋಗಳನ್ನು ನೋಡಿ ನೋಡಿ ನಿಯಮಗಳನ್ನು ಕಲಿತೆ. ಹೊರಗಿನ ಎಸೆತವನ್ನು ಬಿಡುವುದೇ ಜಾಣತನ, ಮೇಡಂ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ. ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಸೋತೆ ಎಂದು ಬಾಯಿಬಿಟ್ಟು ಹೇಳುವುದು ನನ್ನ ಜಾಯಮಾನವಲ್ಲ.

ಜಿಲ್ಲಾ ಪಂದ್ಯ ತುಮಕೂರಿನಲ್ಲಿ. ಅದು ಮುಗಿದ ಮೇಲೆ ಅಲ್ಲೇ ತಂಡದ ಆಯ್ಕೆ. ಹುಡುಗಿಯರು ಸ್ಕೂಲ್ ವ್ಯಾನಿನಲ್ಲಿ ಹೋದರು, ನಾನು ಹಿಂದೆಯೇ ಕಾರಿನಲ್ಲಿ ಹೋದೆ. ಎದುರಾಳಿಗಳು ತುರುವೇಕೆರೆ ಕಡೆಯವರು. ಕೊನೆಯ ಸರದಿಯಲ್ಲಿ ಎರಡೂ ಕಡೆ ರನ್ನು ಸಮ. ನಮ್ಮ ಹುಡುಗಿಯರು ಮೂರೂ ಬೇಸಿನಲ್ಲಿ ನಿಂತಿದ್ದರು. ಆಗಲೇ ಇಬ್ಬರು ಔಟು, ಇನ್ನೊಬ್ಬಳು ಔಟಾದರೆ ನಮ್ಮ ಸರದಿ ಮುಗಿಯಿತು. ಬ್ಯಾಟಿಗೆ ಗಾನವಿ. ಎರಡು ಸಲ ಬೀಸಿ ತಪ್ಪಿದ್ದಳು. ಮೂರು ಎಸೆತ ಹೊರಗೆ ಹೋಗಿದ್ದವು, ಬಿಟ್ಟಿದ್ದಳು. ಇನ್ನೊಂದನ್ನು ಬಿಟ್ಟರೆ ಎಲ್ಲರೂ ಒಂದೊಂದು ಬೇಸು ಮುಂದಕ್ಕೆ, ಒಂದು ರನ್ನು, ಗೆಲುವು. ಎಸೆಯುವ ಹುಡುಗಿಯ ತೋಳು ಸೋತಿತ್ತು. ಮುಂದಿನದೂ ಹೊರಗೇ ಹೋಗುತ್ತದೆಂದು ಯಾರು ಬೇಕಾದರೂ ಹೇಳಬಹುದಿತ್ತು.

ಸೌಮ್ಯ ಮೇಡಂ, “ಬುಡು” ಎಂದು ಕೂಗಿದರು. ಹದಿನೈದು ದಿನ ಕಟ್ಟಿಟ್ಟ ಬಾಯಿ ನನ್ನದು. ಅದೇ ಗಳಿಗೆಯಲ್ಲಿ ನನ್ನಿಂದಲೂ ಹೊರಟುಹೋಯಿತು, “ಬುಡವ್ವ”. ನಾನು ಹೇಳಿದ್ದು ಮೇಡಂ ಹೇಳಿದ ಬುಡುವನ್ನೇ. ದೇವರಾಣೆಗೂ ಅದನ್ನೇ.

ಎಸೆತ ಒಂದು ಮಾರು ಆಚೆ ಹೋಗುತ್ತಿತ್ತು. ಗಾನವಿ ಅಷ್ಟು ದೂರಕ್ಕೆ ಬಗ್ಗಿ, ಇಡೀ ಮೈಯನ್ನು ತಿರುಗಿಸಿ ಬೀಸಿದಳು. ಬ್ಯಾಟು ಗಾಳಿಯನ್ನು ಸೀಳಿತು. ಔಟು. ಹೆಚ್ಚುವರಿ ಸರದಿಯಲ್ಲಿ ತುರುವೇಕೆರೆಯವರು ಗೆದ್ದರು.

ಆಯ್ಕೆಯ ಪಟ್ಟಿ ಓದಿದಾಗ ಗಾನವಿಯ ಹೆಸರು ಇರಲಿಲ್ಲ. ನಾನು ಮೇಡಂ ಹತ್ತಿರ ಓಡಿ, ಏನ್ರೀ ಇದು ಎಂದು ಕೇಳಿದೆ. ಅವರ ಕಣ್ಣೂ ಕೆಂಪಾಗಿತ್ತು. ಹುಡುಗಿಗೆ ತೋಳಲ್ಲಿ ಶಕ್ತಿಯಿದೆ, ಆದರೆ ಯಾವುದು ಹೊರಗಿನ ಎಸೆತ ಎಂದು ಗುರುತಿಸುವ ಕಣ್ಣಿಲ್ಲ ಎಂದು ಆಯ್ಕೆಯವರು ಬರೆದರಂತೆ. ನಾನು ಅವರಿಗೆ ವಿಷಯ ವಿವರಿಸಿ ಬರುತ್ತೇನೆ ಎಂದು ಹೊರಟೆ. ಗಾನವಿ ಬಂದು ನನ್ನ ಅಂಗಿಯ ತೋಳು ಹಿಡಿದುಕೊಂಡಳು.

“ಬೇಡ ಅಪ್ಪಾಜಿ.”

“ನಾನೂ ಬುಡು ಅಂದಿದ್ದು ಸುಮ್ನಿರು ಅಂತಲೇ ಕಣವ್ವ,” ಎಂದೆ. “ನಂಗೂ ಈಗ ಆಟ ಗೊತ್ತು. ನಾನೂ ಮೇಡಂ ಇಬ್ರೂ ಒಂದೇ ಹೇಳಿದ್ವಿ. ನೀನ್ಯಾಕೆ ಬೀಸ್ದೆ?”

ಅವಳು ಬ್ಯಾಟಿನ ತುದಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಚೆಂಡು ಹೊರಗೆ ಹೋಗ್ತಿರೋದು ನಂಗೇ ಕಾಣ್ತಿತ್ತು,” ಎಂದಳು. “ನಿಮ್ಮ ದನಿ ಕೇಳುಸ್ತು. ಕೈ ತಾನಾಗೇ ಬೀಸ್ಬುಡ್ತು.”

ಅವಳಿಗೇ ಕಾಣುತ್ತಿರಬಹುದು ಎಂಬ ಯೋಚನೆ ಇಷ್ಟು ದಿನದಲ್ಲಿ ಒಮ್ಮೆಯೂ ನನಗೆ ಬಂದಿರಲಿಲ್ಲ. ಮೇಡಂ ಸರಿಯೋ ನಾನು ಸರಿಯೋ ಎಂದೇ ತಲೆ ಕೆಡಿಸಿಕೊಂಡಿದ್ದೆ. ಕಾರು ಹತ್ತು ಎಂದೆ. ವ್ಯಾನಿನಲ್ಲೇ ಬರುತ್ತೇನೆಂದು ಅವಳು ಗೆಳತಿಯರ ಕಡೆ ನಡೆದಳು.

ದಾರಿಯುದ್ದಕ್ಕೂ ಆ ಹಳದಿ ವ್ಯಾನು ನನ್ನ ಮುಂದಿತ್ತು. ಹಿಂದಿನ ಗಾಜಿನಲ್ಲಿ ಹುಡುಗಿಯರ ಜಡೆಗಳು ಕಾಣುತ್ತಿದ್ದವು, ಯಾವುದು ಗಾನವಿಯದೆಂದು ತಿಳಿಯಲಿಲ್ಲ. ಹಿಂದೆಯೇ ಹೋದರೆ ಕಾವಲಿಗೆ ಬಂದಂತಾಗುತ್ತದೆ. ವ್ಯಾನನ್ನು ಹಿಂದೆ ಹಾಕಿ ಹೋದರೆ ಸ್ಕೂಲಿನ ಗೇಟಿನಲ್ಲಿ ಕಾದು ನಿಂತಂತಾಗುತ್ತದೆ. ಯಾವುದು ಸರಿ ಎಂದು ಫೋನು ಮಾಡಿ ಕೇಳೋಣವೆಂದರೆ, ಅದೂ ತಪ್ಪೇ ಇರಬೇಕು. ಇಂಥದ್ದನ್ನು ನನಗೆ ಯಾರೂ ಕಲಿಸಿಲ್ಲ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕಾರನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದೆ. ವ್ಯಾನು ತಿಪಟೂರಿನ ಕಡೆ ಹೋಯಿತು. ಅದು ಕಾಣದಾದ ಮೇಲೂ ಬಹಳ ಹೊತ್ತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದೆ.