ಹಾಲಿನ ಮೇಲೆ ಬಂದ ಅಪವಾದ

೧೯೮೪ರ ಮಳೆಗಾಲದಲ್ಲಿ ಗದಗಿನ ಒಂದು ಓಣಿಯ ಜನರ ಕಣ್ಣು ಒಬ್ಬೊಬ್ಬರದಾಗಿ ಹಳದಿಯಾಗತೊಡಗಿದವು. ಕಾಮಾಲೆ, ಓಣಿಯವರ ಬಾಯಲ್ಲಿ ಕಾಮಣಿ. ಮೊದಲು ಹಾಸಿಗೆ ಹಿಡಿದವರು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ವಿಮಲಾಬಾಯಿ. ಓಣಿಗೆಲ್ಲ ಅವರು ಅಕ್ಕೋರು. ಊಟ ಕಂಡರೆ ಓಕರಿಕೆ, ಎದ್ದು ನಿಂತರೆ ತಲೆಸುತ್ತು. ಅದೇ ವಾರ, ಕಳಸಾಪುರದಿಂದ ಹಾಲು ತರುತ್ತಿದ್ದ ಅಮೃತವ್ವನ ಕಣ್ಣುಗಳೂ ಅರಿಸಿನ ಬಳಿದಂತಾದವು.

ಎದುರು ಮನೆಯ ಸುಂದರಾಬಾಯಿಗೆ ಇಷ್ಟೇ ಸಾಕಾಯಿತು. “ನೋಡ್ರಿ, ಓಣ್ಯಾಗ ಕಾಮಣಿ ಎಲ್ಲಿಂದ ಬಂತು ಅಂತ ಈಗ ತಿಳೀತಲ್ಲ! ಆಕಿ ಹಾಲಿನಾಗನ ಬಂದದ,” ಎಂದು ಕಟ್ಟೆಯ ಮೇಲೆ ಕೂತು ಸಾರಿದರು. ಮರುದಿನ ಅಮೃತವ್ವ ಬಂದಾಗ ಅರ್ಧ ಓಣಿ ಬಾಗಿಲು ತೆರೆಯಲಿಲ್ಲ. ತೆರೆದವರು “ಇವತ್ತ ಬ್ಯಾಡವಾ” ಎಂದು ಮತ್ತೆ ಮುಚ್ಚಿಕೊಂಡರು.

ಅಮೃತವ್ವ ಅಳುವವಳಲ್ಲ. ನೆಟ್ಟಗೆ ವಿಮಲಾಬಾಯಿಯ ಮನೆಗೆ ಹೋಗಿ ಹೊಸ್ತಿಲಲ್ಲಿ ಕುಕ್ಕರಿಸಿದಳು.

“ಅಕ್ಕೋರ, ನನ್ನ ಹಾಲಿನಿಂದ ನಿಮಗ ಕಾಮಣಿ ಆತೇನ್ರಿ?”

“ನನಗೇನ ಗೊತ್ತವಾ? ನಾನೇನ ಡಾಕ್ಟರಾ?”

“ಹಂಗಾರ ಏಳ್ರಿ, ಡಾಕ್ಟ್ರ ಹಂತೇಕ ಹೋಗೂಣು. ಅವ್ರು ಹಾಲಿಂದ ಅಂದ್ರ ನಾಳೆನ ಎಮ್ಮಿ ಮಾರ್ತೀನಿ. ಅಲ್ಲ ಅಂದ್ರ ಆ ಸುಂದರಾಬಾಯಾರ ಮುಂದ ನೀವು ಹೇಳಬೇಕು.”

ಅಂಥ ನಿತ್ರಾಣದಲ್ಲೂ ವಿಮಲಾಬಾಯಿಗೆ ನಗು ಬಂತು. ಇಬ್ಬರೂ ಒಂದೇ ಟಾಂಗಾ ಹತ್ತಿ ಬೆಟಗೇರಿಯ ಡಾಕ್ಟರ್ ಇಸಾಕರ ದವಾಖಾನೆಗೆ ಹೊರಟರು. ಟಾಂಗಾದವನು ಇಬ್ಬರ ಕಣ್ಣನ್ನೂ ನೋಡಿ ಕುದುರೆಯನ್ನು ತುಸು ಜೋರಾಗಿಯೇ ಓಡಿಸಿದ.

ಇಸಾಕರು ಇಬ್ಬರ ಹೊಟ್ಟೆಯನ್ನೂ ಒತ್ತಿ ನೋಡಿ, ಕೈ ತೊಳೆದು ಬಂದು ಕೂತರು.

“ಓಣ್ಯಾಗ ಇನ್ಯಾರಿಗೆ ಆಗೇತಿ?”

“ಟೇಲರ್ ಮಹಬೂಬಸಾಬರ ಮಗಳು ಲಾಲಬಿಗೆ ಆಗ್ಯದರಿ,” ಎಂದರು ವಿಮಲಾಬಾಯಿ.

“ಅವರೂ ಈಕಿ ಹಾಲ ತಗೋತಾರೇನು?”

“ಇಲ್ಲರಿ, ಅವರ ಮನ್ಯಾಗ ಅವರದ ಎಮ್ಮಿ ಅದ.”

“ಕೇಳಿದ್ರ್ಯಾ!” ಅಮೃತವ್ವ ಎದ್ದೇ ನಿಂತಳು.

“ಕುಂಡ್ರು ಯವ್ವಾ. ಅಕ್ಕೋರ, ನೀರು ಎಲ್ಲಿದು?”

“ಮೂಲಿ ನಳದ್ದು. ಲಾಲಬಿ ಮನಿಯವರೂ ಅಲ್ಲೇ ತುಂಬ್ತಾರ. ಮಳಿ ಹತ್ತಿದಾಗಿಂದ ಸ್ವಲ್ಪ ರಾಡಿ ಬರ್ತದ. ಪೈಪು ಗಟಾರದೊಳಗ ಹಾದು ಬಂದದ.”

“ಮತ್ತ ಇನ್ನೇನ ಬೇಕು? ರೋಗಿ ಬಯಲಕಡಿಗೆ ಹೋದದ್ದು ಗಟಾರಕ್ಕ ಬಂತು, ಒಡೆದ ಪೈಪಿನ್ಯಾಗ ಸೇರಿತು, ನಿಮ್ಮ ಹೊಟ್ಟಿಗೆ ಬಂತು.”

ಅಮೃತವ್ವನ ಮುಖ ಸಪ್ಪಗಾಯಿತು. “ನಾ ಆ ನೀರ ಕುಡಿಯಾಂಗಿಲ್ಲರಿ. ಹಳ್ಳಿಂದನ ತಂಬಿಗಿ ತರ್ತೀನಿ. ಮತ್ತ ನನಗ್ಯಾಕ ಬಂತು?”

ಇಸಾಕರು ಹಿಂದಿನದನ್ನೆಲ್ಲ ಕೆದಕಿದರು. ರಕ್ತ ಹಾಕಿಸಿಕೊಂಡಿದ್ದೆಯಾ? ಹಲ್ಲು ಕೀಳಿಸಿದ್ದೆಯಾ? ಸೂಜಿ?

“ಸೂಜಿ ಹೌದ್ರಿ. ಬ್ಯಾಸಗ್ಯಾಗ ಮೊಣಕಾಲು ಹಿಡಿದಿತ್ತು. ಸೈಕಲ್ ಮ್ಯಾಲೆ ಒಬ್ಬಾಂವ ಬಂದು ಗುಡಿ ಕಟ್ಟಿ ಮ್ಯಾಲೆ ಎಲ್ಲಾರ್ನೂ ಸಾಲು ಹಚ್ಚಿ ಚುಚ್ಚಿದ.”

“ಒಬ್ಬರಿಂದ ಒಬ್ಬರಿಗೆ ನಡುವ ಸೂಜಿ ಕುದಿಸಿದನೇನು?”

“ಒಂದ ಅರಿವಿ ಚೂರಿನಾಗ ಒರಿಸಿದ್ನರಿ.”

ಇಸಾಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಮೃತವ್ವನ ರಕ್ತ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಯಿತು. ಮುಂದಿನ ವಾರ ಇಬ್ಬರೂ ಮತ್ತೆ ಹೋದಾಗ ವರದಿ ಬಂದಿತ್ತು.

“ಕಾಮಣಿ ಅಂದ್ರ ಲಿವರ್ ನೊಂದೈತಿ ಅಂತ ತೋರ್ಸೂ ಬಣ್ಣ,” ಎಂದರು ಇಸಾಕರು. “ನೋಯಿಸಿದಾಂವ ಒಬ್ಬನ ಅಲ್ಲ. ಅಕ್ಕೋರಿಗೆ ಬಂದದ್ದು ಎ ಅನ್ನೂ ವೈರಸ್ ಇರಬೇಕು, ಇಲ್ಲಾ ನೀರಾಗನ ಬರೂ ಹೆಸರಿಡದ ಇನ್ನೊಂದು ಐತಿ, ಅದು. ನಿನಗ ಬಂದದ್ದು ಬಿ. ಅದು ಸೂಜಿಯಿಂದ, ರಕ್ತದಿಂದ ಬರ್ತೈತಿ. ಮೈಯಾಗ ಹೊಕ್ಕು ಎರಡು ಮೂರು ತಿಂಗಳು ಸುಮ್ಮನ ಕುಂಡ್ರತೈತಿ.”

“ಅಕ್ಕೋರಿಗೆ ಎ, ನನಗ ಬಿ. ಇಲ್ಲೂ ಅವರದ ಮೊದಲ ನಂಬರ್!” ಎಂದಳು ಅಮೃತವ್ವ.

ಇಸಾಕರು ನಕ್ಕರೂ ಮಾತು ಮುಗಿಸಲಿಲ್ಲ. “ಅಕ್ಕೋರದು ತಾನ ಹೋಗ್ತೈತಿ. ಬಿ ಮಾತ್ರ ಕೆಲವರೊಳಗ ವರ್ಷಗಟ್ಟಲೆ ಉಳೀತೈತಿ. ನೀ ದುಡಿಯೂದ ಬಿಟ್ಟು ಮಲಗಬೇಕು. ಆರು ತಿಂಗಳಿಗೆ ಮತ್ತ ರಕ್ತ ನೋಡೂಣು. ಗಂಡನ್ನೂ ಕರಕೊಂಡ ಬಾ, ಗಂಡ-ಹೆಂಡತಿ ನಡುವನೂ ಹತ್ತೂದು ಅದು, ಆತನ ರಕ್ತಾನೂ ನೋಡಬೇಕು.”

ಅಮೃತವ್ವ ಆಗ ಮೊದಲ ಸಲ ದನಿ ತಗ್ಗಿಸಿದಳು. “ಇದು ಹಾಲಿನಾಗ ಹೋಗ್ತೈತೇನ್ರಿ?”

“ಇಲ್ಲವಾ. ಹಾಲಿನಾಗಿಲ್ಲ, ಮುಟ್ಟಿದ್ರೂ ಬರಾಂಗಿಲ್ಲ.”

ವಿಮಲಾಬಾಯಿ ಸುಂದರಾಬಾಯಿಯ ಕಟ್ಟೆಯ ಮುಂದೆಯೇ ಟಾಂಗಾ ನಿಲ್ಲಿಸಿದರು. ಪಾಠ ಹೇಳುವ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ, ನಳ, ಗಟಾರ, ಸೂಜಿ ಎಲ್ಲವನ್ನೂ ವಿವರಿಸಿದರು. ಸುಂದರಾಬಾಯಿ ತಮ್ಮ ತುಂಬಿದ ತಾಮ್ರದ ಕೊಡವನ್ನೊಮ್ಮೆ ನೋಡಿ, ಒಳಗೊಯ್ದು ನೀರು ಕುದಿಯಲಿಟ್ಟರು. ಮಹಬೂಬಸಾಬರು ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಪೈಪು ಬದಲಿಸುವವರೆಗೆ ಬಿಡಲಿಲ್ಲ. ಲಾಲಬಿ ಚೇತರಿಸಿಕೊಂಡಳು.

ಹಾಲಿಗೆ ಮತ್ತೆ ಗಿರಾಕಿಗಳು ಬಂದರು, ಆದರೆ ಅಮೃತವ್ವನ ಬದಲು ಆಕೆಯ ಗಂಡ ತರುವ ಹಾಲು ಕಡಿಮೆಯಾಯಿತು. ಏಕೆಂದು ನೋಡಲು, ಮೈಯಲ್ಲಿ ಶಕ್ತಿ ಬಂದ ಮೇಲೆ ವಿಮಲಾಬಾಯಿ ಮೋಸಂಬಿ ಹಿಡಿದು ಕಳಸಾಪುರಕ್ಕೆ ಹೋದರು. ಅಮೃತವ್ವ ಹೊರಸಿನ ಮೇಲೆ ಮಲಗಿ ಹುಕುಂ ಮಾಡುತ್ತಿದ್ದಳು. ಆಕೆಯ ಗಂಡ ಬೀರಲಿಂಗಪ್ಪ, ಮೀಸೆಯ ಮೇಲೆ ಸೀರೆಯ ಸೆರಗು ಹೊದ್ದು ಎಮ್ಮೆಯ ಕೆಳಗೆ ಕೂತಿದ್ದ.

“ನನ್ನ ಸೀರಿ ವಾಸನಿ ಇಲ್ಲಂದ್ರ ಒದೀತೈತ್ರಿ ಅದು,” ಎಂದಳು ಅಮೃತವ್ವ.

ಅಕ್ಕೋರನ್ನು ಕಂಡದ್ದೇ ಬೀರಲಿಂಗಪ್ಪ ನಾಚಿ ಸೆರಗು ಕಿತ್ತೆಸೆದ. ಎಮ್ಮೆ ತಕ್ಷಣ ಒದ್ದಿತು. ಹಾಲು ಚೆಲ್ಲಿತು, ಆತ ಸಗಣಿಯಲ್ಲಿ ಕೂತ. ಇಬ್ಬರೂ ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸಂಕ್ರಾಂತಿ ಕಳೆದ ಮೇಲೆ ಹುಬ್ಬಳ್ಳಿಯಿಂದ ಎರಡನೆಯ ವರದಿ ಬಂತು. ಅಮೃತವ್ವನ ರಕ್ತದಲ್ಲಿ ಬಿ ಉಳಿದಿರಲಿಲ್ಲ. ಬೀರಲಿಂಗಪ್ಪನಿಗೆ ಅದು ಹತ್ತಿಯೇ ಇರಲಿಲ್ಲ. ಆ ದಿನ ಆಕೆ ಓಣಿಯ ಪ್ರತಿ ಬಾಗಿಲಲ್ಲೂ ನಿಂತು, ಕೇಳಿದವರಿಗೂ ಕೇಳದವರಿಗೂ ಸುದ್ದಿ ಹೇಳಿ, ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡಳು.