ಪಟ್ಟಿಯಲ್ಲಿ ಬಿಟ್ಟ ಮನೆ

ಶಾಸಕ ಸ್ವರೂಪನ ದಿನ ಶುರುವಾಗುತ್ತಿದ್ದದ್ದೇ ಸಹಾಯಕ ಕೆಂಪರಾಜು ಬರೆದ ಪಟ್ಟಿಯಿಂದ. ಬೆಳಿಗ್ಗೆ ಏಳರೊಳಗೆ ಊರೂರಿನಿಂದ ಕೆಂಪರಾಜುವಿಗೆ ಫೋನು ಬರುತ್ತಿತ್ತು. ಯಾರ ಮನೆಯಲ್ಲಿ ಬೀಗರ ಊಟ, ಯಾರದು ಗೃಹಪ್ರವೇಶ, ಯಾರು ತೀರಿಕೊಂಡರು, ಯಾರ ತಿಥಿ ಇವತ್ತು, ಎಲ್ಲವನ್ನೂ ಕೇಳಿಕೊಂಡು ಸಾಲಾಗಿ ಬರೆದು ಸ್ವರೂಪನಿಗೂ ಅವನ ಡ್ರೈವರ್ ಮುಬೀನನಿಗೂ ಕಳಿಸುತ್ತಿದ್ದ. ಶುಭದ ಮನೆಗಳು ಮೊದಲು, ಸಾವಿನ ಮನೆಗಳು ಕೊನೆಗೆ, ಅಲ್ಲಿಂದ ನೇರವಾಗಿ ಸ್ನಾನಕ್ಕೆ. ಸೂತಕದ ಮನೆ ಮೆಟ್ಟಿ ಬಂದ ಕಾಲಲ್ಲೇ ಮದುವೆ ಚಪ್ಪರಕ್ಕೆ ನುಗ್ಗಿದ ಶಾಸಕನನ್ನು ಮಳವಳ್ಳಿ ಕಡೆಯ ಜನ ಮುಂದಿನ ಚುನಾವಣೆವರೆಗೂ ಮರೆಯುವುದಿಲ್ಲ. ಇಷ್ಟು ಗೊತ್ತಿಲ್ಲದವನಿಗೆ ಎಷ್ಟು ಡಿಗ್ರಿ ಇದ್ದರೇನು ಬಂತು?

ಸ್ವರೂಪನಿಗೆ ಡಿಗ್ರಿ ಇತ್ತು, ಇದು ಗೊತ್ತಿರಲಿಲ್ಲ. ಹೇಳಿಕೊಟ್ಟವನು ಕೆಂಪರಾಜು. ಸತ್ತವರ ಮನೆಯಲ್ಲಿ ಕೂಲಿಂಗ್ ಗ್ಲಾಸ್ ತೆಗೆದು ಜೇಬಿಗಿಡಬೇಕು, ಕುರ್ಚಿ ತಂದರೂ ಚಾಪೆಯ ಮೇಲೇ ಕೂರಬೇಕು, ಮುದ್ದೆಯನ್ನು ಅಗಿಯದೆ ನುಂಗಬೇಕು, ಎರಡನೇ ಸಲ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯಬಾರದು. ಹುಡುಗ ಬಲು ಬೇಗ ಕಲಿತ. ಕಲಿಯದೆ ಇದ್ದಿದ್ದರೆ ಕೆಂಪರಾಜುವಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹದಿನಾಲ್ಕು ವರ್ಷ ಪಕ್ಷಕ್ಕೆ ಬಾವುಟ ಕಟ್ಟಿದವನು ಕೆಂಪರಾಜು. ಬೂತಿನಲ್ಲಿ ಕೂತಿದ್ದ, ನಾಲೆ ನೀರಿನ ಗಲಾಟೆಯಲ್ಲಿ ಲಾಠಿ ಏಟು ತಿಂದಿದ್ದ. ಟಿಕೆಟ್ಟು ಮಾತ್ರ ಮಂಡ್ಯದ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿದ್ದ ಮೂವತ್ತೊಂದರ ಸ್ವರೂಪನಿಗೆ ಬಂತು. ಹೊಸ ಮುಖ ಬೇಕು ಎಂದರು ದೊಡ್ಡವರು. ಅವತ್ತು ಮನೆಗೆ ಹೋಗಿ ಕನ್ನಡಿ ನೋಡಿಕೊಂಡ ಕೆಂಪರಾಜುವಿಗೆ, ಮೂವತ್ತೆಂಟಕ್ಕೇ ತನ್ನ ಮುಖ ಯಾವಾಗ ಹಳೆಯದಾಯಿತು ಎಂಬುದು ಹೊಳೆಯಲಿಲ್ಲ. ಸ್ವರೂಪ ಗೆದ್ದ. ಮೊನ್ನೆ ಮೊನ್ನೆ ಬಂದವನನ್ನು ಹಣ್ಣು ಹಣ್ಣು ಮುದುಕರೂ 'ಸಾ' ಎನ್ನತೊಡಗಿದರು. ಕೆಂಪರಾಜು ಮಾತ್ರ ಎಲ್ಲರಿಗೂ 'ಲೇ ಕೆಂಪ' ಆಗಿಯೇ ಉಳಿದ. ಒಂದೇ ಒಂದು ಮನೆಯಲ್ಲಾದರೂ ಶಾಸಕನನ್ನು ಬಿಟ್ಟು ತನ್ನನ್ನು ಕೇಳಿಕೊಂಡು ಬರಲಿ, ತನಗೂ ಒಮ್ಮೆ 'ಸಾ' ಎನ್ನಲಿ ಎಂಬ ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಚಿಕ್ಕಬೋರಮ್ಮ ಎಂಬ ಮುದುಕಿಯ ವಿಷಯದಲ್ಲಿ. ಹಲಗೂರಿನಾಚೆಯ ಅವಳ ಹಳ್ಳಿ ಎದುರು ಪಕ್ಷದ್ದು. ಪ್ರಚಾರಕ್ಕೆ ಹೋದಾಗ ಕೂತುಕೊಳ್ಳಿ ಎನ್ನುವವರೂ ಇರಲಿಲ್ಲ. ಚಿಕ್ಕಬೋರಮ್ಮ ಒಬ್ಬಳೇ ಜಗುಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಸ್ವರೂಪನ ಕೆನ್ನೆ ಸವರಿ ನೆಟಿಗೆ ಮುರಿದಳು. "ಗೆದ್ಕಂಡು ಬಾ ನನ್ ದೊರೆ" ಎಂದಳು. ಅದಕ್ಕೂ ಮುಂಚೆ, ನಿಂತುಹೋಗಿದ್ದ ಅವಳ ಪಿಂಚಣಿಗಾಗಿ ಐದು ಸಲ ತಾಲ್ಲೂಕು ಕಚೇರಿಗೆ ಅಲೆದವನು, ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಳವಳ್ಳಿಗೆ ಕರೆದುಕೊಂಡು ಹೋಗಿ ಬಂದವನು ಕೆಂಪರಾಜು. ಪ್ರಚಾರದ ಆ ದಿನ ಅವನು ಹಾರಗಳನ್ನು ತೋಳಿಗೆ ಸಿಕ್ಕಿಸಿಕೊಂಡು ಮೂಲೆಯಲ್ಲಿ ನಿಂತಿದ್ದ. ಮುದುಕಿ ಅವನ ಕಡೆ ತಿರುಗಿ, "ಕೆಂಪ, ಈ ಚೊಂಬ ಒಳೀಕ್ ಮಡಗು" ಎಂದಳು, ಅಷ್ಟೇ. ಜೀತದಾಳಿಗೆ ಹೇಳಿದ ಹಾಗೆ!

ಸ್ವರೂಪ ಆ ಅಜ್ಜಿಯ ಕಥೆಯನ್ನು ಹೋದಲ್ಲೆಲ್ಲ ಹೇಳಿದ. ಕೊನೆಗೆ ವಿಧಾನಸಭೆಯ ಮೊದಲ ಭಾಷಣದಲ್ಲೂ, ನಾಲೆಯ ಕೊನೆಭಾಗಕ್ಕೆ ನೀರು ಬಿಡಿ ಎಂದು ಕೇಳುತ್ತಾ, ಅವಳ ಮಜ್ಜಿಗೆಯನ್ನು ನೆನೆದು ಗದ್ಗದನಾದ. ಆ ತುಣುಕು ಎಲ್ಲರ ಫೋನಿನಲ್ಲೂ ಓಡಾಡಿತು. ಎಷ್ಟು ಎಕರೆಗೆ ನೀರಿಲ್ಲ, ಯಾವ ತೂಬು ಒಡೆದಿದೆ ಎಂಬ ವಿವರವನ್ನೆಲ್ಲ ಬರೆದುಕೊಟ್ಟಿದ್ದ ಕೆಂಪರಾಜು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ. ಸ್ವರೂಪ ಮುಂದೆ ಮಂತ್ರಿಯಾಗುತ್ತಾನೆ ಎಂದು ಜನ ಮಾತಾಡಿಕೊಂಡರು. ಮಾತಾಡಿದ್ದು ಸಾಲದು ಅಂತ ಅದನ್ನು ಕೆಂಪರಾಜುವಿನ ಮುಂದೆಯೇ ಬಂದು ಹೇಳಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಚಿಕ್ಕಬೋರಮ್ಮನ ಮಗ ಚಲುವರಾಜುವಿನ ಫೋನು ಬಂತು.

"ಕೆಂಪ, ಅವ್ವ ಓಗ್ಬುಟ್ಲು ಕಣ್ಲಾ. ಬಾ."

"ಅಯ್ಯೋ! ಸಾಹೇಬ್ರಿಗೆ ಏಳ್ತೀನಿ ಕಣಣ್ಣ. ಬತ್ತಾರೆ."

"ನೀನು?"

"ನಾನು ಬೆಂಗ್ಳೂರಲ್ಲಿವ್ನಿ ಕಣಣ್ಣ. ಇವತ್ತು ಆಗಾಕಿಲ್ಲ."

ಸುಳ್ಳು ತಾನಾಗಿ ಬಾಯಿಗೆ ಬಂತು. ಫೋನಿಟ್ಟ ಮೇಲೆ ಅದರ ಉಪಯೋಗವೂ ಹೊಳೆಯಿತು. ಮದ್ದೂರಿನಲ್ಲಿ ಒಂದು ಮದುವೆ, ಚಿಕ್ಕರಸಿನಕೆರೆಯಲ್ಲಿ ಒಂದು ಗೃಹಪ್ರವೇಶ, ಎರಡು ತಿಥಿ ಎಂದು ಪಟ್ಟಿ ಬರೆದ. ಚಿಕ್ಕಬೋರಮ್ಮನ ಹೆಸರು ಬರೆಯಲಿಲ್ಲ. ಸತ್ತ ಸುದ್ದಿ ಮುಟ್ಟಿಸಿದರೂ ಶಾಸಕ ಬರಲಿಲ್ಲ ಎಂದಾಗಬೇಕು. ಮಜ್ಜಿಗೆ ಕುಡಿದು ಅದರ ಮೇಲೆ ಭಾಷಣ ಬಿಗಿದವನು ಮಣ್ಣಿಗೆ ಬರಲಿಲ್ಲ ಎಂದು ಊರು ಉಗಿಯಬೇಕು. ಪಟ್ಟಿ ಕಳಿಸಿದ ಕೆಂಪರಾಜು ಮಳವಳ್ಳಿ ಬಸ್‌ಸ್ಟ್ಯಾಂಡಿನೆದುರಿನ ಹೋಟೆಲಿನಲ್ಲಿ ಮಧ್ಯಾಹ್ನವೆಲ್ಲ ಟೀ ಕುಡಿಯುತ್ತಾ ಕೂತ. ಮುದುಕಿಯ ಮುಖ ಒಂದೆರಡು ಸಲ ಕಣ್ಣ ಮುಂದೆ ಬಂತು. ಬಂದಾಗಲೆಲ್ಲ ಆ ಚೊಂಬನ್ನು ನೆನೆದುಕೊಂಡು ಮನಸ್ಸು ಗಟ್ಟಿಮಾಡಿಕೊಂಡ.

ಹನ್ನೊಂದನೇ ದಿನದ ತಿಥಿಯನ್ನು ಮಾತ್ರ ಪಟ್ಟಿಯಲ್ಲಿ ಮರೆಯದೆ ಬರೆದ. ಸ್ವರೂಪ ಓದಿದವನೇ ಫೋನು ಮಾಡಿದ. "ಕೆಂಪಣ್ಣ, ಅಜ್ಜಿ ಹೋಗಿ ಹನ್ನೊಂದು ದಿನ ಆಯ್ತಾ? ನನಗ್ಯಾಕೆ ಗೊತ್ತಾಗಲಿಲ್ಲ?"

"ಆ ದಿನ ಎಲ್ಲೋ ತಪ್ಪೋಗದೆ ಕಣ್ ಸಾ" ಎಂದ ಕೆಂಪರಾಜು. ದನಿಯಲ್ಲಿ ದುಃಖ ಸರಿಯಾಗಿಯೇ ಬಂದಿತ್ತು.

ಮುಬೀನನೂ ಸೇರಿ ಮೂವರೂ ಹೋದರು. ಜಗುಲಿಯ ಮೇಲೆ ಮುದುಕಿಯ ಫೋಟೋಗೆ ಹಾರ ಹಾಕಿ ಎಡೆ ಇಟ್ಟಿದ್ದರು. ಕೆಂಪರಾಜು ಕಣ್ಣು ಕೀಲಿಸಿ ಕಾದ. ಈಗ ಚಲುವರಾಜು ಬಾಯಿ ಬಿಡುತ್ತಾನೆ, ಮುಖಕ್ಕೆ ಹೊಡೆದ ಹಾಗೆ ನಾಲ್ಕು ಜನರ ಮುಂದೆ ಅಂದುಬಿಡುತ್ತಾನೆ, ಹುಡುಗನ ಮುಖ ಸಣ್ಣಗಾಗುತ್ತದೆ. ಸ್ವರೂಪ ಚಪ್ಪಲಿ ಬಿಟ್ಟು, ಫೋಟೋಗೆ ಕೈಮುಗಿದು, ಚಲುವರಾಜುವಿನ ಎರಡೂ ಕೈ ಹಿಡಿದುಕೊಂಡ.

"ಮಣ್ಣಿಗೆ ಬರಲಿಲ್ಲ ಅಣ್ಣ. ತಪ್ಪು ನಂದು."

"ಅಯ್ಯೋ ಬುಡಿ ಸಾ" ಎಂದ ಚಲುವರಾಜು. "ನಿಮಗೆ ನೂರೆಂಟು ಊರು. ಇವತ್ತು ಬಂದ್ರಲ್ಲ, ಸಾಕು. ಏಳಿ, ಎಲೆ ಮುಂದೆ ಕೂತ್ಕಳಿ."

ಅಷ್ಟೇ. ಯಾರೂ ಉಗಿಯಲಿಲ್ಲ. ಇಬ್ಬರು ಹೆಂಗಸರಂತೂ ಸ್ವರೂಪನನ್ನು ನೋಡಿ, ಎಷ್ಟು ಸೊರಗಿಹೋಗವ್ನೆ ಮಗ ಎಂದು ಮರುಗಿದರು. ತಪ್ಪು ಮಾಡಿಸಿದರೂ ಒಳ್ಳೆಯವನಾಗುತ್ತಾನಲ್ಲ, ಇವನಿಗೆ ಏನು ಮಾಡುವುದು?

ಕೆಂಪರಾಜು ಪಂಕ್ತಿಯಲ್ಲಿ ಸ್ವರೂಪನ ಪಕ್ಕ ಕೂತ. ಚಲುವರಾಜು ಪಾಯಸದ ಬಕೆಟ್ಟು ಹಿಡಿದು ಬಡಿಸುತ್ತಾ ಬಂದವನು ಅವನ ಎಲೆಯ ಮುಂದೆ ನಿಂತ.

"ಅವ್ವ ಸಾಯೋ ಇಂದ್ಲ ದಿನ್ವೇ ಏಳಿದ್ಲು" ಎಂದ. ದನಿ ಏರಿಸಲಿಲ್ಲ. "ನನ್ನ ಎತ್ತೋವಾಗ ಕೆಂಪ ಒಂದು ಎಗಲು ಕೊಡ್ಲಿ, ಅವನೂ ನನ್ನ ಮಗನೇಯ ಅಂತ. ಅದ್ಕೇ ಎಲ್ಲರ್ಗಿಂತ ಮೊದ್ಲು ನಿಂಗೆ ಫೋನ್ ಮಾಡ್ದೆ. ಬೆಂಗ್ಳೂರಲ್ಲಿವ್ನಿ ಅಂದೆ ನೀನು. ಬೆಂಗ್ಳೂರಾದ್ರೂ ಕೆಂಪ ಬಂದೇ ಬತ್ತಾನೆ ಅಂತ ನಾಕ್ ಗಂಟೆ ಗಂಟ ಎತ್ಲಿಲ್ಲ. ಊರೋರೆಲ್ಲ ಬಯ್ದ್ರು."

ಕೆಂಪರಾಜುವಿನ ಕೈ ಎಲೆಯ ಮೇಲೇ ನಿಂತಿತು. "ಅಣ್ಣ, ಸಾಹೇಬ್ರ ಕೆಲ್ಸದ ಮೇಲೆ..."

"ಎರಡ್ ಗಂಟೇಲಿ ಊವ ತರಾಕೆ ನಾನೇ ಮಳವಳ್ಳಿಗೆ ಬಂದಿದ್ದೆ. ಬಸ್‌ಸ್ಟ್ಯಾಂಡ್ ಮುಂದ್ಲ ಓಟ್ಲಲ್ಲಿ ಟೀ ಕುಡೀತಾ ಕೂತಿದ್ದೆ ನೀನು. ನೋಡ್ದೆ. ಕೂಗ್ಬೇಕು ಅನ್ನಿಸ್ಲಿಲ್ಲ."

ಪಕ್ಕದಲ್ಲಿ ಸ್ವರೂಪ ಊಟ ನಿಲ್ಲಿಸಿ ಕೆಂಪರಾಜುವಿನ ಮುಖ ನೋಡಿದ. ಪಟ್ಟಿಯ ಸಂಗತಿ ಅವನಿಗೆ ಅರ್ಥವಾಗಿತ್ತು. "ಚಲುವಣ್ಣ, ಬಿಡಿ, ಅವತ್ತು ನಾನೇ ಅವರಿಗೆ..." ಎಂದು ಏನೋ ಮುಚ್ಚಿಹಾಕಲು ಹೊರಟ.

"ನಿಮ್ದೇನೂ ಇಲ್ಲ ಸಾ. ಅವ್ವ ನಿಮ್ಗೆ ಓಟಾಕಿದ್ದೇ ಇವ್ನು ಏಳ್ದ ಅಂತ. ನೀವು ಬರ್ಲಿ ಅಂತ ಅವ್ಳು ಕೇಳ್ಲೂ ಇಲ್ಲ."

ಚೊಂಬನ್ನು ಒಳಗಿಡು ಎಂದು ಮನೆಯ ಮಗನಿಗಲ್ಲದೆ ಇನ್ಯಾರಿಗೆ ಹೇಳುತ್ತಾರೆ? ಇಷ್ಟು ಸಣ್ಣ ವಿಷಯ ಹತ್ತಾರು ಊರಿನ ಸಾವು ಮದುವೆ ಅಳೆದು ತೂಗುವ ಕೆಂಪರಾಜುವಿಗೆ ತಿಳಿಯಲಿಲ್ಲ. ಅವನು ಬೇಡಿಕೊಂಡಿದ್ದ ಆ ಒಂದು ಮನೆ ಇದೇ ಆಗಿತ್ತು. ಅದನ್ನು ಅವನ ಕೈಯೇ ಪಟ್ಟಿಯಿಂದ ಬಿಟ್ಟಿತ್ತು. ನಾಚಿಕೆಗೆ ಅವನ ಕತ್ತು ಮೇಲೇಳಲಿಲ್ಲ.

"ಚಲುವಣ್ಣ" ಎಂದ ಕೆಂಪರಾಜು. "ತೆಪ್ಪಾಯ್ತು ಕಣಣ್ಣ. ಬಯ್ಯಿ ನನ್ನ. ಎರಡೇಟು ಒಡಿ ಬೇಕಾದ್ರೆ."

ಚಲುವರಾಜು ಬಯ್ಯಲಿಲ್ಲ. ಬಗ್ಗಿ ಅವನ ಎಲೆಗೆ ಎರಡು ಸೌಟು ಪಾಯಸ ಹಾಕಿದ.

"ಊಟ ಮಾಡಿ ಸಾ" ಎಂದ, ಕೆಂಪರಾಜುವಿಗೇ. "ನಿಧಾನುಕ್ಕೆ ಮಾಡಿ."

ಅಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಮುಂದಿನ ಎಲೆಗೆ ಹೋದ.